ಶಾಂತಲೆ ಶಿವಗಂಗೆಯಿಂದ ಹಾರಿದಳೇ? ಒಂದು ಕಲ್ಲು, ಒಂದು ಕ್ರಿಯಾಪದ

ಶಿವಗಂಗೆ ಬೆಟ್ಟ ಹತ್ತಿದವರಿಗೆಲ್ಲ ‘ಶಾಂತಲಾ ಡ್ರಾಪ್’ ಗೊತ್ತು. ಮಕ್ಕಳಾಗಲಿಲ್ಲ, ತಾನಿರುವ ತನಕ ದೊರೆ ಇನ್ನೊಬ್ಬಳನ್ನು ತರುವುದಿಲ್ಲ ಎಂದು ಕೊರಗಿ ಹೊಯ್ಸಳ ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲೆ ಅಲ್ಲಿಂದ ಹಾರಿದಳೆಂಬುದು ಕತೆ. ಅಲ್ಲ, ಉಪವಾಸವಿದ್ದು ದೇಹ ಬಿಡುವ ಜೈನರ ಸಲ್ಲೇಖನ ವ್ರತ ಹಿಡಿದಳೆಂಬುದು ಇನ್ನೊಂದು ವಾದ. ಎರಡಕ್ಕೂ ಆಧಾರವೆಂದು ಎತ್ತುವುದು ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನವನ್ನೇ.

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು, ಗುರು ಪ್ರಭಾಚಂದ್ರ ಸಿದ್ಧಾಂತದೇವ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದವಳೂ ಅವಳೇ, 1123ರಲ್ಲಿ ಚಂದ್ರಗಿರಿಯಲ್ಲಿ ಶಾಂತಿನಾಥನ ಬಸದಿ ಎತ್ತಿಸಿದವಳೂ ಅವಳೇ. ಬೇಲೂರಿನ ದರ್ಪಣ ಸುಂದರಿಯೂ ಅವಳೇ ಎನ್ನುವುದು ಗೈಡುಗಳ ಮಾತು.

ಇನ್ನು ಸಾವಿನ ಶಾಸನ. ಕಾಲ ‘ಶಕವರ್ಷ 1050 ಮೂರನೆಯ’, ಅಂದರೆ 1053ನೆಯ, ವಿರೋಧಿಕೃತ್ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಸೋಮವಾರ. ಅವಸರದಲ್ಲಿ ಓದಿದವರು ಎಡವುವುದು ಇಲ್ಲೇ. ‘ಮೂರನೆಯ’ ಬಿಟ್ಟುಹೋದರೆ 1050ಕ್ಕೆ 78 ಕೂಡಿಸಿ 1128 ಎಂದುಬಿಡುತ್ತಾರೆ. ತಾಳೆ ನೋಡುವುದು ಸುಲಭ: ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಸಂವತ್ಸರದ ಕ್ರಮಸಂಖ್ಯೆ. 1050ಕ್ಕೆ 42, ಅಂದರೆ ಕೀಲಕ. 1053ಕ್ಕೆ 45, ವಿರೋಧಿಕೃತ್. ಹಾಗಾಗಿ ಸರಿಯಾದ ವರ್ಷ 1131.

ಶಿವಗಂಗೆಯ ತೀರ್ಥದಲ್ಲಿ ಅವಳು ‘ಮುಡಿಪಿ ಸ್ವರ್ಗತೆಯಾದಳು’, ಅಂದರೆ ಪ್ರಾಣ ಬಿಟ್ಟು ಸ್ವರ್ಗಕ್ಕೆ ಹೋದಳು, ಎನ್ನುತ್ತದೆ ಕಲ್ಲು. ಬೆಟ್ಟದ ತುದಿಯ ಮಾತಿಲ್ಲ, ಹಾರಿದ ಮಾತಿಲ್ಲ. ಹಾಗೆಂದು ಸಲ್ಲೇಖನದ ಮಾತೂ ಇಲ್ಲ. ಚಂದ್ರಗಿರಿಯ ಹಳೆಯ ನಿಸಿದಿಗಳಲ್ಲಿ (ಸತ್ತವರ ನೆನಪಿನ ಕಲ್ಲುಗಳಲ್ಲಿ) ‘ಮುಡಿಪು’ ಸಲ್ಲೇಖನದ ಜೊತೆ ಬರುವುದು ನಿಜ. ಆದರೆ ಅಲ್ಲಿ ಸನ್ಯಸನವನ್ನು, ಅಂದರೆ ಆ ವ್ರತವನ್ನು, ಬೇರೆಯಾಗಿಯೇ ಹೆಸರಿಸುವುದುಂಟು. ಇದೇ ಶಾಸನ ತಾಯಿಯ ವಿಷಯಕ್ಕೆ ಬಂದಾಗ ಜಿಪುಣತನ ಮಾಡಿಲ್ಲ: ಮಗಳು ಹೋದ ಮೇಲೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು, ಅರೆಮುಚ್ಚಿದ ಕಣ್ಣಲ್ಲಿ ಜೈನರ ಪಂಚಪದ ಮಂತ್ರ ಜಪಿಸುತ್ತ ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು. ಮಗಳೂ ವ್ರತ ಹಿಡಿದಿದ್ದರೆ ಶಾಸನಕವಿ ಅದನ್ನು ಒಂದು ಪದದಲ್ಲಿ ಮುಗಿಸುತ್ತಿದ್ದನೆಂದು ನಂಬುವುದು ಕಷ್ಟ.

ಹಾಗಿದ್ದರೆ ಕತೆ ಹುಟ್ಟಿದ್ದೆಲ್ಲಿಂದ? ಅದಕ್ಕೆ ಬೇಕಾದ ಸಾಮಗ್ರಿ ಇತಿಹಾಸದಲ್ಲೇ ಇದೆ. ಅವಳು ಸತ್ತು ಎರಡು ವರ್ಷಕ್ಕೆ, 1133ರಲ್ಲಿ, ದೊರೆಯ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಹೊಟ್ಟೆಯಲ್ಲಿ ಮಗ ನರಸಿಂಹ ಹುಟ್ಟಿದ. ಈ ಎರಡು ತಾರೀಕುಗಳ ನಡುವಿನ ಜಾಗವನ್ನು ಜನರ ಬಾಯಿ ತುಂಬಿತು; ಕಳೆದ ಶತಮಾನದ ಕಾದಂಬರಿ, ನಾಟಕಗಳು ಅದಕ್ಕೆ ಸಂಭಾಷಣೆ ಬರೆದವು. ಆದರೆ ದೊರೆ ಬೇರೆ ಹೆಣ್ಣು ತರಲೊಲ್ಲನೆಂಬ ಎಳೆ ಅವಳೇ ಎತ್ತಿಸಿದ ಶಾಂತಿನಾಥ ಬಸದಿಯ ಬಾಗಿಲಲ್ಲೇ ಕಡಿದುಹೋಗುತ್ತದೆ. ‘ಉದ್ವೃತ್ತ ಸವತಿ ಗಂಧವಾರಣೆ’, ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ ಎಂಬುದು ಅವಳ ಬಿರುದು. ಬಸದಿಗೆ ಸವತಿಗಂಧವಾರಣ ಎಂಬ ಹೆಸರು ಬಂದದ್ದು ಅದರಿಂದಲೇ, ಅದೂ ಅವಳು ಸಾಯುವುದಕ್ಕೆ ಎಂಟು ವರ್ಷ ಮೊದಲು.