ಕೋನನ್ ಕಥೆಗಳಲ್ಲಿ ಹೊವರ್ಡ್ ಬರೆದಿದ್ದೆಷ್ಟು, ಆಮೇಲೆ ಸೇರಿದ್ದೆಷ್ಟು?

ಕತ್ತಿ ಹಿಡಿದ ಕಾಲ್ಪನಿಕ ವೀರ ಕೋನನ್‌ನ ಸಾಹಸ ಕಥೆ ಓದೋಕೆ ಶುರು ಮಾಡಿದೋರೆಲ್ಲ ಒಂದಲ್ಲ ಒಂದಿನ ಇಲ್ಲಿ ಸಿಕ್ಕಾಕ್ಕೊಳ್ತಾರೆ, ಇಷ್ಟೊಂದು ಕಥೆಗಳಲ್ಲಿ ಮೂಲ ಲೇಖಕರದ್ದು ಯಾವುದು ಅಂತ. ಅದನ್ನ ಬಿಡಿಸ್ಬೇಕಂದ್ರೆ ಹಳೇ ಮ್ಯಾಗಜೀನ್‌ಗಳನ್ನೇ ನೋಡ್ಬೇಕು.

ಟೆಕ್ಸಾಸಿನ ರಾಬರ್ಟ್ ಇ. ಹೊವರ್ಡ್ ಬರೆದ ಮೊದಲ ಕೋನನ್ ಕಥೆ 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಬಂದಿದ್ದು 1932ರ ಡಿಸೆಂಬರ್‌ನಲ್ಲಿ. 1936ರ ಜೂನ್‌ನಲ್ಲಿ, ಬರೀ 30 ವರ್ಷಕ್ಕೆ, ಅವರು ತೀರಿಕೊಂಡ್ರು. ಅಷ್ಟರಲ್ಲಿ ಆ ಪತ್ರಿಕೆಗೆ ಕೊಟ್ಟಿದ್ದು 17 ಕೋನನ್ ಕಥೆ, ಕೊನೇದು ಆ ಅಕ್ಟೋಬರ್‌ವರೆಗೂ ಕಂತಲ್ಲಿ ಬಂತು.

ಗೋಜಲು ಶುರುವಾಗಿದ್ದು 1951ರಲ್ಲಿ. ಪ್ರಿಂಟ್ ಆಗದೇ ಉಳಿದಿದ್ದ ಹಸ್ತಪ್ರತಿಗಳು ಒಬ್ಬ ಏಜೆಂಟ್ ಹತ್ರ ಇದ್ವು, ಲೇಖಕ ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಅವನ್ನ ಹುಡುಕಿ ತೆಗೆದ್ರು. ಇದು ದೊಡ್ಡ ಉಪಕಾರವೇ. ಆದ್ರೆ ಕಥೆಗಳು ಇದ್ದ ಹಾಗೇ ಹೊರಗೆ ಬರ್ಲಿಲ್ಲ. 'ದ ಬ್ಲ್ಯಾಕ್ ಸ್ಟ್ರೇಂಜರ್' ಅನ್ನೋ ನೀಳ್ಗತೆಯನ್ನ ಡಿ ಕ್ಯಾಂಪ್ ತಿದ್ದಿದ್ರು, 1953ರಲ್ಲಿ ಅದನ್ನ ಹಾಕಿದ ಫ್ಯಾಂಟಸಿ ಪತ್ರಿಕೆಯ ಸಂಪಾದಕ ಲೆಸ್ಟರ್ ಡೆಲ್ ರೇ ಅದರ ಮೇಲೆ ಇನ್ನಷ್ಟು ತಿದ್ದಿದ್ರು, ಅದೇ ವರ್ಷ ಪುಸ್ತಕದಲ್ಲಿ ಬರೋವಾಗ ಹೆಸರೇ ಬೇರೆಯಾಗಿತ್ತು. ಎರಡು ವರ್ಷ ಆದ್ಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ: ಹೊವರ್ಡ್ 11ನೇ ಶತಮಾನದ ಕೈರೋ ಬಗ್ಗೆ ಬರೆದಿದ್ದ ಒಂದು ಸಾಹಸ ಕಥೆಯ ಸ್ಪ್ಯಾನಿಷ್ ನಾಯಕನನ್ನ ತೆಗೆದು ಕೋನನ್‌ನ ಕೂರಿಸಿ, ಊರು ಕೇರಿ ಹೆಸರು ಬದಲಾಯಿಸಿ ಡಿ ಕ್ಯಾಂಪ್ ಅದನ್ನ 'ಫೆಂಟಾಸ್ಟಿಕ್ ಯೂನಿವರ್ಸ್' ಪತ್ರಿಕೆಯಲ್ಲಿ ಹಾಕಿಸಿದ್ರು. ಹೊವರ್ಡ್‌ಗೆ ಅದು ಕೋನನ್ ಕಥೆ ಆಗಿರಲೇ ಇಲ್ಲ! 1957ರಲ್ಲಿ ಸ್ವೀಡನ್ನಿನ ಅಭಿಮಾನಿ ಬ್ಯೋರ್ನ್ ನ್ಯೂಬರ್ಗ್, ಡಿ ಕ್ಯಾಂಪ್ ಜೊತೆ ಸೇರಿ, ಹೊಸದಾಗೇ ಒಂದು ಕಾದಂಬರಿ ತಂದ್ರು.

1966ರಿಂದ ಲ್ಯಾನ್ಸರ್ ಅನ್ನೋ ಪ್ರಕಾಶನದ ಪೇಪರ್‌ಬ್ಯಾಕ್‌ಗಳು ಬಂದ್ವು, ಚಿತ್ರಕಾರ ಫ್ರಜೆಟ್ಟಾ ಬರೆದ ಮುಖಪುಟಗಳು ಮನೆಮಾತಾದ್ವು. ಅಲ್ಲಿ ಕಥೆಗಳನ್ನ ಕೋನನ್‌ನ ವಯಸ್ಸಿನ ಪ್ರಕಾರ ಜೋಡಿಸಿದ್ರಿಂದ ಹೊವರ್ಡ್ ಕಥೆ ಪಕ್ಕದಲ್ಲೇ ಬೇರೆಯವರ ಕಥೆ. ಹೆಸರು ಹಾಕಿದ್ರು ನಿಜ, ಆದ್ರೆ ಇಬ್ಬರ ಹೆಸರಿದ್ದ ಕಡೆ ಯಾವ ಪ್ಯಾರಾ ಯಾರದ್ದು ಅಂತ ಓದುಗರಿಗೆ ಹೇಗೆ ಗೊತ್ತಾಗ್ಬೇಕು?

ಈ ದೃಷ್ಟಿಯಿಂದ 1972–75ರಲ್ಲಿ ಟೆಡ್ ವೈಟ್ ಸಂಪಾದಕತ್ವದ 'ಫೆಂಟಾಸ್ಟಿಕ್' ಪತ್ರಿಕೆಯಲ್ಲಿ ಬಂದ ನಾಲ್ಕು ಕಥೆಗಳೇ ವಾಸಿ, ಕೋನನ್ ರಾಜನಾಗಿ ವಯಸ್ಸಾದ ಕಾಲದವು, ಡಿ ಕ್ಯಾಂಪ್ ಮತ್ತು ಇನ್ನೊಬ್ಬ ಲೇಖಕ ಲಿನ್ ಕಾರ್ಟರ್ ಪೂರ್ತಿ ತಾವೇ ಬರೆದವು. ಇಷ್ಟ ಆದ್ರೂ ಆಗದಿದ್ರೂ ಯಾರದ್ದು ಅನ್ನೋ ಗೊಂದಲ ಇಲ್ಲ. ಲ್ಯಾನ್ಸರ್ 1973ರಲ್ಲಿ ದಿವಾಳಿಯಾಗಿದ್ರಿಂದ ಅವು ಪುಸ್ತಕ ಆಗಿದ್ದು 1977ಕ್ಕೆ.

ಅದೇ 1977ರಲ್ಲಿ ಲೇಖಕ, ಸಂಪಾದಕ ಕಾರ್ಲ್ ಎಡ್ವರ್ಡ್ ವ್ಯಾಗ್ನರ್, ತಿದ್ದುಪಡಿ ಇಲ್ಲದ ಹೊವರ್ಡ್ ಪಠ್ಯವನ್ನೇ ಹಾಕಿ ಮೂರು ಸಂಪುಟ ತಂದ್ರು. 'ದ ಬ್ಲ್ಯಾಕ್ ಸ್ಟ್ರೇಂಜರ್' ಹೊವರ್ಡ್ ಬರೆದ ಹಾಗೇ ಓದುಗರ ಕೈಗೆ ಸಿಕ್ಕಿದ್ದು ಮಾತ್ರ 1987ರಲ್ಲಿ, ಅದೂ ವ್ಯಾಗ್ನರ್ ಸಂಪಾದಿಸಿದ ಸಂಕಲನದಲ್ಲೇ, ಅಂದ್ರೆ ಲೇಖಕರು ತೀರಿಕೊಂಡು 51 ವರ್ಷ ಆದ್ಮೇಲೆ.