ಅಂಕಕ್ಕೆ ಬಿದ್ದ ಸಂಶೋಧನೆ: ಜರ್ನಲ್ ಪಟ್ಟಿಗಳ ಹದಿನೈದು ವರ್ಷ

2025ರ ಫೆಬ್ರುವರಿ ಎರಡನೇ ವಾರದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ಮಾನ್ಯ ಸಂಶೋಧನಾ ಪತ್ರಿಕೆಗಳ ‘ಯುಜಿಸಿ-ಕೇರ್’ ಪಟ್ಟಿಯನ್ನು ನಿಲ್ಲಿಸಲಾಗಿದೆ, ಯಾವ ಸಂಶೋಧನಾ ಪತ್ರಿಕೆ ಒಳ್ಳೆಯದು ಎಂಬುದನ್ನು ಇನ್ನು ಮುಂದೆ ಆಯಾ ಸಂಸ್ಥೆಗಳೇ ತೀರ್ಮಾನಿಸಿಕೊಳ್ಳಬೇಕು ಎಂಬುದು ಅದರ ಸಾರ. ಅದಕ್ಕೂ ಆರು ವಾರ ಮುಂಚೆ, ಜನವರಿ 1ರಂದು, ಸರ್ಕಾರಿ ವಿದ್ಯಾಸಂಸ್ಥೆಗಳಿಗೆಲ್ಲ ಅಂತರರಾಷ್ಟ್ರೀಯ ಜರ್ನಲ್‌ಗಳನ್ನು ಒಟ್ಟಾಗಿ ಕೊಂಡುಕೊಡುವ ‘ಒಂದು ದೇಶ, ಒಂದು ಚಂದಾ’ ಯೋಜನೆ ಶುರುವಾಗಿತ್ತು. ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಚಂದಾ ಕಟ್ಟದೆ ಓದಲಾಗದ ಸಂಶೋಧನಾ ಲೇಖನಗಳನ್ನು ಉಚಿತವಾಗಿ ಒದಗಿಸುವ ಸೈ-ಹಬ್ ಜಾಲತಾಣವನ್ನು ದೇಶದಲ್ಲಿ ತಡೆಹಿಡಿಯುವಂತೆ ಆದೇಶಿಸಿತು. ಬಡ್ತಿಯ ಕಡತ ಹಿಡಿದು ಕಾಯುತ್ತಿರುವ ಅಧ್ಯಾಪಕರಿಗೂ, ಅಧ್ಯಯನಕ್ಕೆ ಲೇಖನಗಳನ್ನು ಹುಡುಕುತ್ತಿರುವ ಪಿಎಚ್‌.ಡಿ. ವಿದ್ಯಾರ್ಥಿಗಳಿಗೂ ಎಲ್ಲಿ ಓದಬೇಕು, ಎಲ್ಲಿ ಬರೆಯಬೇಕು ಎಂಬುದೇ ತಿಳಿಯದಂತಾಗಿದೆ. ಈ ಮೂರೂ ಬೇರೆ ಬೇರೆ ಸುದ್ದಿಗಳಾಗಿ ಬಂದವು. ಆದರೆ ಹಿಂದಕ್ಕೆ ಹೋಗಿ ನೋಡಿದರೆ ಅವು ಒಂದೇ ಕಥೆಯ ತುಂಡುಗಳು.

ಹಳೆಯ ಭಾಗವನ್ನು ಬೇಗ ಮುಗಿಸಬಹುದು. 1665ರಲ್ಲಿ ಹೆನ್ರಿ ಓಲ್ಡನ್‌ಬರ್ಗ್ ಲಂಡನ್ನಿನಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಆರಂಭಿಸಿದಂದಿನಿಂದ ಎರಡನೇ ಮಹಾಯುದ್ಧದವರೆಗೆ ಸಂಶೋಧನಾ ಪತ್ರಿಕೆಗಳು ಬಹುಪಾಲು ವಿದ್ವತ್ ಸಂಘಗಳ ಕೈಯಲ್ಲಿದ್ದವು, ಯುದ್ಧದ ನಂತರ ಒಂದೊಂದಾಗಿ ವಾಣಿಜ್ಯ ಪ್ರಕಾಶಕರ ಕೈಸೇರಿದವು. ಬರೆಯುವವರಿಗೆ ಸಂಭಾವನೆಯಿಲ್ಲ, ಬರೆದದ್ದನ್ನು ಪರಿಶೀಲಿಸುವ ತಜ್ಞರಿಗೂ ಇಲ್ಲ. ಅವರಿಬ್ಬರ ಸಂಬಳ ಕೊಡುವ ವಿಶ್ವವಿದ್ಯಾಲಯವೇ ಕೊನೆಗೆ ಚಂದಾ ಕಟ್ಟಿ ಆ ಪತ್ರಿಕೆಯನ್ನು ಕೊಳ್ಳಬೇಕು. ಇಂಥ ವ್ಯಾಪಾರ ಬೇರೆ ಯಾವ ಕ್ಷೇತ್ರದಲ್ಲೂ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಇಲ್ಲಿ ಅರ್ಧ ಶತಮಾನ ಸಲೀಸಾಗಿ ನಡೆಯಿತು.

ನಮ್ಮಲ್ಲಿ ಬೇರೊಂದು ದಾರಿಯೂ ಇತ್ತು. ಬೆಂಗಳೂರಿನಿಂದ ‘ಕರೆಂಟ್ ಸೈನ್ಸ್’ ಹೊರಟದ್ದು 1932ರಲ್ಲಿ. ಸಿ.ವಿ. ರಾಮನ್ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ 1934ರಿಂದ ತನ್ನದೇ ಪತ್ರಿಕೆಯನ್ನು ತಂದಿತು, ಇಂದಿಗೂ ತನ್ನ ಜರ್ನಲ್‌ಗಳನ್ನು ಯಾರು ಬೇಕಾದರೂ ಜಾಲತಾಣದಲ್ಲಿ ಓದುವಂತೆ ಇಟ್ಟಿದೆ. ಕನ್ನಡದಲ್ಲಿ ಸಾಹಿತ್ಯ ಪರಿಷತ್ತಿನ ಪತ್ರಿಕೆ 1916ರಲ್ಲಿ, ಎ.ಆರ್. ಕೃಷ್ಣಶಾಸ್ತ್ರಿಗಳ ‘ಪ್ರಬುದ್ಧ ಕರ್ಣಾಟಕ’ 1919ರಲ್ಲಿ ಆರಂಭವಾದವು. ಮುಂದೆ ಧಾರವಾಡದ ‘ಕರ್ನಾಟಕ ಭಾರತಿ’, ಬೆಂಗಳೂರು ವಿಶ್ವವಿದ್ಯಾಲಯದ ‘ಸಾಧನೆ’ ಬಂದವು. ಶಾಸನ, ಛಂದಸ್ಸು, ವ್ಯಾಕರಣ, ಗ್ರಂಥಸಂಪಾದನೆಗಳ ಬಗ್ಗೆ ಕನ್ನಡದಲ್ಲಿ ನಡೆದ ಎಷ್ಟೋ ಗಂಭೀರ ಜಗಳಗಳು ಇಂಥ ಪತ್ರಿಕೆಗಳ ಪುಟಗಳಲ್ಲೇ ನಡೆದವು. ಸಂಪಾದಕರ ಓದೇ ಅಲ್ಲಿ ತಜ್ಞರ ಪರಿಶೀಲನೆ. ಲೇಖನಕ್ಕೆ ಎಷ್ಟು ಅಂಕ ಎಂದು ಯಾರೂ ಕೇಳುತ್ತಿರಲಿಲ್ಲ.

ಅಂಕ ಹುಟ್ಟಿದ್ದು ಅಮೆರಿಕದಲ್ಲಿ. ಯೂಜೀನ್ ಗಾರ್ಫೀಲ್ಡ್ 1960ರ ದಶಕದಲ್ಲಿ ಉಲ್ಲೇಖಗಳ ಸೂಚಿಯೊಂದನ್ನು ತಯಾರಿಸುವಾಗ, ಯಾವ ಜರ್ನಲ್‌ಗಳನ್ನು ಅದರೊಳಗೆ ಸೇರಿಸಬೇಕು ಎಂಬುದನ್ನು ಆರಿಸಿಕೊಳ್ಳಲು ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಅಳತೆಯನ್ನು ಬಳಸಿದರು. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳನ್ನು ಈ ವರ್ಷ ಸರಾಸರಿ ಎಷ್ಟು ಬಾರಿ ಉಲ್ಲೇಖಿಸಲಾಗಿದೆ ಎಂಬುದಷ್ಟೇ ಅದು. ಪತ್ರಿಕೆಯನ್ನು ಅಳೆಯುವ ಕೋಲು ಕೆಲವೇ ದಶಕಗಳಲ್ಲಿ ಮನುಷ್ಯರನ್ನು ಅಳೆಯತೊಡಗಿತು.

2002ರ ಬುಡಾಪೆಸ್ಟ್ ಘೋಷಣೆಯೊಂದಿಗೆ ಸಂಶೋಧನಾ ಲೇಖನಗಳನ್ನು ಎಲ್ಲರೂ ಉಚಿತವಾಗಿ ಓದುವಂತಿರಬೇಕೆಂಬ ಮುಕ್ತ ಪ್ರಕಟಣೆಯ ಚಳವಳಿ ಬಲ ಪಡೆಯಿತು. ಜನರ ತೆರಿಗೆಯಿಂದ ನಡೆದ ಸಂಶೋಧನೆಯನ್ನು ಜನರೇ ಮತ್ತೆ ದುಡ್ಡು ಕೊಟ್ಟು ಓದುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪ್ರಕಾಶಕರು ಅದಕ್ಕೆ ಕಂಡುಕೊಂಡ ಉತ್ತರ ಬೇರೆ: ಓದುವವರಿಂದ ಬೇಡ, ಬರೆಯುವವರಿಂದ ಪಡೆಯೋಣ. ಆ ದಾರಿ ಎಲ್ಲಿಗೆ ಮುಟ್ಟಿತೆಂದರೆ, ‘ನೇಚರ್’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಎಲ್ಲರಿಗೂ ತೆರೆದಿಡಲು 2020ರಲ್ಲಿ ಗೊತ್ತುಪಡಿಸಿದ ಶುಲ್ಕ 9,500 ಯೂರೊ. ಲೇಖಕರಿಂದ ಹಣ ಪಡೆದು ಪ್ರಕಟಿಸುವುದು ತಪ್ಪಲ್ಲ ಎಂದಾದ ಮೇಲೆ, ಪರಿಶೀಲನೆಯ ಗೋಜಿಗೇ ಹೋಗದೆ ಹಣ ಮಾತ್ರ ಪಡೆಯುವವರಿಗೂ ಬಾಗಿಲು ತೆರೆದಂತಾಯಿತು. ಭಾರತದಲ್ಲಿ ಆ ಬಾಗಿಲಿನ ಮುಂದೆ ಸಾಲು ನಿಲ್ಲಲು ಜನ ಸಿದ್ಧರಿದ್ದರು, ಏಕೆಂದರೆ 2010 ಬಂದಿತ್ತು.

ಆ ವರ್ಷದ ಜೂನ್ 30ರಂದು ಯುಜಿಸಿ ಹೊರಡಿಸಿದ ನಿಯಮಾವಳಿಯಲ್ಲಿ ಎಪಿಐ ಎಂಬ ಅಂಕಪದ್ಧತಿ ಇತ್ತು. ಉದ್ದೇಶವನ್ನು ಯಾರೂ ಅನುಮಾನಿಸುವಂತಿರಲಿಲ್ಲ. ನೇಮಕ ಮತ್ತು ಬಡ್ತಿಗಳು ಸಂದರ್ಶನ ಸಮಿತಿಯ ಮರ್ಜಿಗೆ, ಜಾತಿ-ಬಳಗದ ಲೆಕ್ಕಕ್ಕೆ ಬಿಟ್ಟುಹೋಗಿವೆ ಎಂಬ ದೂರು ಹಳೆಯದು, ಸುಳ್ಳೂ ಅಲ್ಲ. ಅಂಕ ಬಂದರೆ ಪಾರದರ್ಶಕತೆ ಬರುತ್ತದೆ ಎಂದು ಅಧ್ಯಾಪಕರಲ್ಲೂ ಹಲವರು ನಂಬಿದ್ದರು. ಪರಿಶೀಲನೆಗೆ ಒಳಪಟ್ಟ ಜರ್ನಲ್‌ನಲ್ಲಿ ಒಂದು ಲೇಖನಕ್ಕೆ 15 ಅಂಕ. ಪರಿಶೀಲನೆ ಇಲ್ಲದಿದ್ದರೂ ಮಾನ್ಯತೆಯಿದ್ದು ಐಎಸ್‌ಎಸ್‌ಎನ್ ಅಥವಾ ಐಎಸ್‌ಬಿಎನ್ ಎಂಬ, ನಿಯತಕಾಲಿಕೆ-ಪುಸ್ತಕಗಳ ಗುರುತಿನ ಸಂಖ್ಯೆ ಹೊಂದಿದ ಪತ್ರಿಕೆಯಾದರೆ 10. ವಿಚಾರ ಸಂಕಿರಣದ ಸಂಪುಟದಲ್ಲಿ ಪೂರ್ಣ ಲೇಖನ ಬಂದರೆ 10. ಬರಿಯ ಪ್ರಬಂಧ ಮಂಡನೆಗೂ ಅಂಕವಿತ್ತು: ಅಂತರರಾಷ್ಟ್ರೀಯವಾದರೆ 10, ರಾಷ್ಟ್ರೀಯವಾದರೆ 7.5.

ಪುಸ್ತಕದ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಅಂತರರಾಷ್ಟ್ರೀಯ ಪ್ರಕಾಶಕರು ತಂದ ಗ್ರಂಥಕ್ಕೆ 50, ರಾಷ್ಟ್ರಮಟ್ಟದ ಪ್ರಕಾಶಕರದ್ದಕ್ಕೆ 25, ಸ್ಥಳೀಯ ಪ್ರಕಾಶಕರದ್ದಕ್ಕೆ 15. ಕನ್ನಡದ ವಿದ್ವತ್ ಪುಸ್ತಕಗಳನ್ನು ತರುವವರು ಬಹುಪಾಲು ಈ ಮೂರನೇ ಸಾಲಿನವರು. ತಾಳೆಗರಿಯ ನಾಲ್ಕೈದು ಪ್ರತಿಗಳನ್ನು ಕಲೆಹಾಕಿ, ಪಾಠಾಂತರ ಗುರುತಿಸಿ, ಅರ್ಥಕೋಶ ಸೇರಿಸಿ ಒಂದು ಹಳಗನ್ನಡ ಕೃತಿಯನ್ನು ಸಂಪಾದಿಸಲು ಆರೇಳು ವರ್ಷ ಹಿಡಿಯುತ್ತದೆ. ಅದು ಗದಗಿನಲ್ಲೋ ಶಿವಮೊಗ್ಗದಲ್ಲೋ ಅಚ್ಚಾದರೆ 15. ಪರಿಶೀಲನೆ ನಡೆಸುವುದಾಗಿ ಮುಖಪುಟದಲ್ಲಿ ಹೇಳಿಕೊಂಡ ಜರ್ನಲ್‌ನಲ್ಲಿ ಬಂದ ನಾಲ್ಕು ಪುಟಗಳಿಗೂ 15. ಹೊಸದಾಗಿ ಕೆಲಸಕ್ಕೆ ಸೇರಿದ ಕನ್ನಡ ಉಪನ್ಯಾಸಕರೊಬ್ಬರು ಇವೆರಡರಲ್ಲಿ ಯಾವುದನ್ನು ಆರಿಸಿಕೊಂಡರೆಂದು ಅವರನ್ನು ದೂಷಿಸುವುದು ಸುಲಭ. ಸುಲಭವಾದ್ದರಿಂದಲೇ ಎಲ್ಲರೂ ಅದನ್ನೇ ಮಾಡಿದರು.

ಐಎಸ್‌ಎಸ್‌ಎನ್ ಎಂಬುದು ಎಂಟು ಅಂಕಿಗಳ ಗುರುತಿನ ಸಂಖ್ಯೆ. ನವದೆಹಲಿಯ ರಾಷ್ಟ್ರೀಯ ಕೇಂದ್ರಕ್ಕೆ ಅರ್ಜಿ ಹಾಕಿದರೆ ದೊರೆಯುತ್ತದೆ. ನಿಯತಕಾಲಿಕೆಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸಲು ಮಾಡಿದ ವ್ಯವಸ್ಥೆ ಅದು, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಕಾಲೇಜುಗಳಲ್ಲಿ ಅದು ಐಎಸ್‌ಐ ಮುದ್ರೆಯ ಸ್ಥಾನ ಪಡೆಯಿತು. ದಶಕಗಳಿಂದ ಓದುಗರ ಗೌರವ ಗಳಿಸಿದ್ದ ಸಾಹಿತ್ಯಪತ್ರಿಕೆಯಲ್ಲಿ ಬಂದ ವಿಮರ್ಶೆ ಆ ಸಂಖ್ಯೆ ಇಲ್ಲದ ಕಾರಣಕ್ಕೆ ಲೆಕ್ಕದಿಂದ ಹೊರಗುಳಿಯಿತು. ಯಾರೂ ಓದದ ‘ಬಹುಶಿಸ್ತೀಯ ಅಂತರರಾಷ್ಟ್ರೀಯ’ ಮಾಸಿಕದಲ್ಲಿ ಬಂದದ್ದು ಒಳಗೆ ಬಂತು. ಒಂದೇ ಸಂಚಿಕೆಯಲ್ಲಿ ಮಣ್ಣಿನ ಫಲವತ್ತತೆ, ಜಿಎಸ್‌ಟಿ, ಅಕ್ಕಮಹಾದೇವಿ, ವಾಲಿಬಾಲ್ ಆಟಗಾರರ ಮನೋಬಲ. ಕನ್ನಡ ಲೇಖನವಾದರೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಮಿಂಚಂಚೆಗೆ ಹಾಕಿದರಾಯಿತು. ವಾರದೊಳಗೆ ‘ಸ್ವೀಕೃತವಾಗಿದೆ’ ಎಂಬ ಪತ್ರ, ಬ್ಯಾಂಕ್ ಖಾತೆಯ ವಿವರ, ಹಣ ಸಂದಾಯವಾದೊಡನೆ ಬಣ್ಣದ ಪ್ರಮಾಣಪತ್ರ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಹೆಸರಿನಲ್ಲಿ ಒಂದು ಅಂಕಿಯನ್ನು ದರಕ್ಕೆ ಕೊಡುವ ಏಜೆನ್ಸಿಗಳೂ ಹುಟ್ಟಿಕೊಂಡವು.

ಕಾಲೇಜುಗಳ ವಿಚಾರ ಸಂಕಿರಣಗಳೂ ಇದೇ ಹಾದಿ ಹಿಡಿದವು. ನೋಂದಣಿ ಶುಲ್ಕ, ಐಎಸ್‌ಬಿಎನ್ ಇರುವ ಸಂಪುಟ, ಉದ್ಘಾಟನೆ, ಊಟ. ಮಧ್ಯಾಹ್ನದ ಮೇಲೆ ನಾಲ್ಕು ಕೊಠಡಿಗಳಲ್ಲಿ ಏಕಕಾಲಕ್ಕೆ ಗೋಷ್ಠಿ, ತಲಾ ಐದು ನಿಮಿಷ. ಆಹ್ವಾನ ಪತ್ರಿಕೆಯಲ್ಲಿ ಒಂದು ವಿದೇಶಿ ಹೆಸರು ಬಿದ್ದರೆ ರಾಷ್ಟ್ರೀಯವು ಅಂತರರಾಷ್ಟ್ರೀಯವಾಗುತ್ತಿತ್ತು. ಆದರೂ ಇಂಥ ಸಂಕಿರಣಗಳಲ್ಲೇ ಕೆಲವು ಒಳ್ಳೆಯ ಪ್ರಬಂಧಗಳನ್ನು ಕೇಳಿದ್ದೇನೆ ಎಂದು ಹೇಳದಿದ್ದರೆ ಅನ್ಯಾಯವಾದೀತು. ಅವು ಸಂಪುಟದ ಮುನ್ನೂರು ಪುಟಗಳ ನಡುವೆ ಹೂತುಹೋದವು.

ಹೊರಗಿನವರ ಕಣ್ಣಿಗೂ ಇದು ಬಿತ್ತು. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಒಂದು ಪರೀಕ್ಷೆ ನಡೆಸಿದರು. ಕಲ್ಲುಹೂವಿನಿಂದ ತೆಗೆದ ಅಣುವೊಂದು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂಬ, ಬೇಕೆಂದೇ ದೋಷಗಳನ್ನು ತುಂಬಿದ ಲೇಖನವನ್ನು ಇಲ್ಲದ ಲೇಖಕರ ಹೆಸರಿನಲ್ಲಿ 304 ಮುಕ್ತ ಪತ್ರಿಕೆಗಳಿಗೆ ಕಳುಹಿಸಿದರು. 157 ಪತ್ರಿಕೆಗಳು ಒಪ್ಪಿಕೊಂಡವು. ಒಪ್ಪಿದವುಗಳಲ್ಲಿ ಅತಿ ಹೆಚ್ಚಿನವು ಭಾರತದಲ್ಲಿ ನೆಲೆಸಿದ್ದವು. ಎರಡು ವರ್ಷದ ನಂತರ ಶೆನ್ ಮತ್ತು ಬ್ಯೋರ್ಕ್ ಎಂಬ ಸಂಶೋಧಕರು ಪರಿಶೀಲನೆಯಿಲ್ಲದೆ ಹಣಕ್ಕೆ ಪ್ರಕಟಿಸುವ ಇಂಥ ಪತ್ರಿಕೆಗಳಲ್ಲಿ 2010ರಲ್ಲಿ ಸುಮಾರು 53,000 ಇದ್ದ ಲೇಖನಗಳು 2014ಕ್ಕೆ 4,20,000ಕ್ಕೆ ಏರಿದ್ದನ್ನು ಅಂದಾಜಿಸಿದರು. ಬರೆದವರಲ್ಲಿ ಮೂರನೇ ಒಂದು ಭಾಗ ಭಾರತೀಯರು. ಪ್ರಕಟಣೆಯ ಸರಾಸರಿ ಶುಲ್ಕ 178 ಡಾಲರ್. ಮುಂದೆ ಹೈದರಾಬಾದ್ ಮೂಲದ ಪ್ರಕಾಶನ ಸಂಸ್ಥೆಯೊಂದಕ್ಕೆ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರ್ ಪಾವತಿಸಲು ಆದೇಶಿಸಿತು. ಬೇಡಿಕೆಯನ್ನು ಹುಟ್ಟಿಸಿದ ಅಂಕಪಟ್ಟಿಯ ಮೇಲೆ ಯಾವ ನ್ಯಾಯಾಲಯದಲ್ಲೂ ಮೊಕದ್ದಮೆ ನಡೆಯಲಿಲ್ಲ.

ಇಲ್ಲಿಂದ ಪಟ್ಟಿಗಳ ಕಾಲ. 2017ರ ಜನವರಿಯಲ್ಲಿ ಯುಜಿಸಿ ಮಾನ್ಯ ಜರ್ನಲ್‌ಗಳ ಪಟ್ಟಿ ಪ್ರಕಟಿಸಿತು. ಮೂವತ್ತು ಸಾವಿರಕ್ಕೂ ಹೆಚ್ಚು ಹೆಸರುಗಳು. ಅಂತರರಾಷ್ಟ್ರೀಯ ಸೂಚಿಗಳಿಂದ ಬಂದವುಗಳ ಜೊತೆಗೆ ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದವೂ ಇದ್ದವು. ಶಿಫಾರಸು ಮಾಡಿದವರಲ್ಲಿ ಆ ಪತ್ರಿಕೆಗಳಲ್ಲೇ ಬರೆದವರೂ ಇದ್ದಿರಬಹುದೆಂಬ ಸಾಮಾನ್ಯ ಅನುಮಾನ ಪಟ್ಟಿ ತಯಾರಿಸುವಾಗ ಬಂದಂತೆ ಕಾಣುವುದಿಲ್ಲ. ಮರುವರ್ಷ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ನಮ್ಮ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲೇ ಪ್ರಕಟಿಸಿದ ಅಧ್ಯಯನ, ವಿಶ್ವವಿದ್ಯಾಲಯಗಳ ಕಡೆಯಿಂದ ಬಂದ, ಯಾವ ಸೂಚಿಯಲ್ಲೂ ಇಲ್ಲದ ಪತ್ರಿಕೆಗಳಲ್ಲಿ ಶೇ 88ಕ್ಕೂ ಹೆಚ್ಚು ಕಳಪೆಯಾಗಿರಬಹುದು ಎಂದಿತು. 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತುಹಾಕಲಾಯಿತು. ನಿನ್ನೆಯವರೆಗೆ ಮಾನ್ಯವಾಗಿದ್ದ ಪತ್ರಿಕೆಯಲ್ಲಿ ಹಣ ಕಟ್ಟಿ ಬರೆದಿದ್ದವರು ಬೆಳಗಾಗುವುದರೊಳಗೆ ಅಪರಾಧಿಗಳಂತೆ ಕಂಡರು.

2019ರಲ್ಲಿ ಬಂದ ‘ಕೇರ್’ ಪಟ್ಟಿ ಹೆಚ್ಚು ಬಿಗಿಯಾಗಿತ್ತು, ಭಾರತೀಯ ಭಾಷೆಗಳ ಪತ್ರಿಕೆಗಳಿಗೂ ಜಾಗವಿತ್ತು. ಪಟ್ಟಿ ಬಿಗಿಯಾದಷ್ಟೂ ಅದರೊಳಗಿನ ಹೆಸರುಗಳ ಬೆಲೆ ಏರಿತು. ಮುದ್ರಣದಲ್ಲಷ್ಟೇ ಇದ್ದ ಹಳೆಯ ಪತ್ರಿಕೆಗಳ ಹೆಸರು ಮತ್ತು ಐಎಸ್‌ಎಸ್‌ಎನ್ ಕದ್ದು ನಕಲಿ ಜಾಲತಾಣ ತೆರೆದು ಲೇಖನ ಸಂಗ್ರಹಿಸುವ ವಂಚನೆ ನಡೆಯಿತು. ಅಸಲಿ ಪತ್ರಿಕೆಯ ಸಂಪಾದಕರಿಗೆ ಇದರ ಸುಳಿವೂ ಇರುತ್ತಿರಲಿಲ್ಲ. 2018ರಲ್ಲೇ ಬಂದ ಕೃತಿಚೌರ್ಯ ತಡೆ ನಿಯಮ ಶೇ 10ರವರೆಗಿನ ಹೋಲಿಕೆಗೆ ವಿನಾಯಿತಿ ಕೊಟ್ಟು, ಅದಕ್ಕಿಂತ ಹೆಚ್ಚಾದರೆ ದಂಡನೆ ಎಂದಿತು. ನುಡಿ ಫಾಂಟ್‌ನಲ್ಲಿ ಬರೆದ ಕನ್ನಡ, ಹೋಲಿಕೆ ಪತ್ತೆಹಚ್ಚುವ ತಂತ್ರಾಂಶದ ಕಣ್ಣಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಮಾತ್ರ. ಯೂನಿಕೋಡ್ ಕಡ್ಡಾಯವಾಗುವ ತನಕ ಕನ್ನಡದಲ್ಲಿ ಕದ್ದವರನ್ನು ಯಂತ್ರ ಹಿಡಿಯುವುದು ಕಷ್ಟ.

ವೈದ್ಯಕೀಯದಲ್ಲೂ ಇದೇ ಆಟ ಬೇರೆ ಅಂಗಳದಲ್ಲಿ ನಡೆಯಿತು. ಬೋಧಕ ವೈದ್ಯರ ಬಡ್ತಿಗೆ ಪ್ರಕಟಣೆ ಕಡ್ಡಾಯ ಮಾಡಿದ ಭಾರತೀಯ ವೈದ್ಯಕೀಯ ಮಂಡಳಿ 2015ರಲ್ಲಿ ಇ-ಜರ್ನಲ್‌ಗಳು ಲೆಕ್ಕಕ್ಕಿಲ್ಲ ಎಂದಿತು. ಜಗತ್ತಿನ ಹಲವು ಪ್ರಮುಖ ವೈದ್ಯಕೀಯ ಪತ್ರಿಕೆಗಳು ಆ ಹೊತ್ತಿಗೆ ಅಂತರಜಾಲದಲ್ಲಿ ಮಾತ್ರ ಇದ್ದವು. ಟೀಕೆಯ ನಂತರ ನಿಯಮ ಬದಲಾಯಿತು.

ಓದುವ ಕಡೆಯ ಕಥೆ ಇದರ ಜೊತೆಜೊತೆಗೇ ಸಾಗಿತ್ತು. ಬರೆಯಲೇಬೇಕೆಂದು ಕಡ್ಡಾಯ ಮಾಡಿದ ವ್ಯವಸ್ಥೆ, ಬರೆಯುವ ಮುಂಚೆ ಓದಬೇಕಾದದ್ದನ್ನು ಒದಗಿಸಿರಲಿಲ್ಲ. ಐಐಎಸ್‌ಸಿಯ ಗ್ರಂಥಾಲಯಕ್ಕೂ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಗ್ರಂಥಾಲಯಕ್ಕೂ ಅಜಗಜಾಂತರ. ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ಆರಂಭಿಸಿದ ಸೈ-ಹಬ್ ಈ ಕಂದಕವನ್ನು ಕಾನೂನಿನ ಹೊರಗೆ ತುಂಬಿತು. 2015ರ ಸೆಪ್ಟೆಂಬರ್‌ನಿಂದ ಆರು ತಿಂಗಳಲ್ಲಿ ಭಾರತದಿಂದ ಅಲ್ಲಿ ಇಳಿಸಿಕೊಂಡ ಲೇಖನಗಳ ಸಂಖ್ಯೆ 34 ಲಕ್ಷ. 2020ರ ಡಿಸೆಂಬರ್‌ನಲ್ಲಿ ಮೂರು ದೊಡ್ಡ ಪ್ರಕಾಶಕರು ದೆಹಲಿ ಹೈಕೋರ್ಟ್‌ಗೆ ಹೋದಾಗ ಭಾರತೀಯ ವಿಜ್ಞಾನಿಗಳ ಗುಂಪುಗಳು ಸೈ-ಹಬ್ ಪರವಾಗಿ ಮಧ್ಯಪ್ರವೇಶ ಕೋರಿದ್ದು ಆಶ್ಚರ್ಯವೇನಲ್ಲ. ಪ್ರಕಾಶಕರು ಹೇಳುವ ಹಕ್ಕುಸ್ವಾಮ್ಯವೂ ನಿಜ, ಮೂವತ್ತು ಡಾಲರ್ ಕೊಟ್ಟು ಒಂದು ಲೇಖನ ಕೊಳ್ಳಲಾರದ ವಿದ್ಯಾರ್ಥಿಯೂ ನಿಜ.

‘ಒಂದು ದೇಶ, ಒಂದು ಚಂದಾ’ಗೆ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, 6,300 ಸಂಸ್ಥೆಗಳು. ಸಣ್ಣ ಊರಿನ ಸರ್ಕಾರಿ ಕಾಲೇಜಿನಲ್ಲಿ ಕುಳಿತು ದುಬಾರಿ ಜರ್ನಲ್ ತೆರೆಯಬಹುದಾದದ್ದು ಸಣ್ಣ ಮಾತಲ್ಲ. ಖಾಸಗಿ ಸಂಸ್ಥೆಗಳು ಮೊದಲ ಹಂತದಲ್ಲಿ ಇದರೊಳಗಿಲ್ಲ. ಇಷ್ಟು ದೊಡ್ಡ ಮೊತ್ತ ಹೋಗುತ್ತಿರುವುದು ಚಂದಾ ಪದ್ಧತಿಯನ್ನು ಉಳಿಸಿಕೊಳ್ಳುವುದಕ್ಕೇ ಎಂಬ ಆಕ್ಷೇಪವೂ ಇದೆ. ಅದೇ ಹಣದ ಒಂದು ಪಾಲು ಇಲ್ಲಿನ ಪತ್ರಿಕೆಗಳನ್ನು ಕಟ್ಟಲು ಹೋಗಿದ್ದರೆ ಎಂಬ ಪ್ರಶ್ನೆ ನನಗೂ ಇದೆ.

ಬರೆಯುವ ಒತ್ತಡ ಈ ನಡುವೆ ಕಾಗದದ ಮೇಲಾದರೂ ಸಡಿಲವಾಗುತ್ತ ಬಂದಿದೆ. ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮುಂಚೆ ಜರ್ನಲ್‌ನಲ್ಲಿ ಲೇಖನ ಬಂದಿರಬೇಕೆಂಬ ಷರತ್ತನ್ನು ಯುಜಿಸಿ 2022ರಲ್ಲಿ ಬಿಟ್ಟಿತು. 2025ರ ಜನವರಿಯ ಕರಡು ನಿಯಮಗಳು ಅಂಕದ ಎಣಿಕೆಯನ್ನೇ ಬದಿಗಿಟ್ಟು, ಭಾರತೀಯ ಭಾಷೆಗಳಲ್ಲಿನ ಬೋಧನೆಯೂ ಸೇರಿದಂತೆ ಹಲವು ಬಗೆಯ ಕೊಡುಗೆಗಳನ್ನು ಪರಿಗಣಿಸುವ ಮಾತಾಡಿದವು. ಆ ಕರಡಿನ ಬಗ್ಗೆ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಸಚಿವರು ಸೇರಿ ವಿರೋಧ ದಾಖಲಿಸಿದರು. ಅಲ್ಲಿ ಎದ್ದು ನಿಂತದ್ದು ಕುಲಪತಿಗಳ ನೇಮಕದ ಅಧಿಕಾರ ಯಾರದು ಎಂಬ ವಿಷಯ, ಅದು ದೊಡ್ಡದೇ. ಲೇಖನಗಳ ಎಣಿಕೆಯ ಚರ್ಚೆ ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಆದ್ದರಿಂದ ಪಟ್ಟಿ ಹೋದರೂ ಅಭ್ಯಾಸ ಹೋಗಿಲ್ಲ. ಪತ್ರಿಕೆಯ ಯೋಗ್ಯತೆ ತೀರ್ಮಾನಿಸುವ ಕೆಲಸ ಈಗ 2017ಕ್ಕೆ ಮುಂಚೆ ಇದ್ದಲ್ಲಿಗೇ, ವಿಶ್ವವಿದ್ಯಾಲಯಗಳ ಸಮಿತಿಗಳಿಗೆ, ಮರಳಿದೆ. ಸುಲಭದ ದಾರಿಯೆಂದು ಅವು ಸ್ಕೋಪಸ್‌ನಂಥ ವಾಣಿಜ್ಯ ಸೂಚಿಗಳಿಗೆ ಜೋತುಬಿದ್ದರೆ ಕನ್ನಡದ ಬಹುತೇಕ ಪತ್ರಿಕೆಗಳು ಒಂದೇ ಏಟಿಗೆ ಹೊರಗುಳಿಯುತ್ತವೆ. ತಾವೇ ಓದಿ ನಿರ್ಧರಿಸುವುದಾದರೆ, ಅರ್ಜಿದಾರರ ಲೇಖನವನ್ನು ಪೂರ್ತಿ ಓದುವಷ್ಟು ಸಮಯವಿರುವ ತಜ್ಞರನ್ನು ಸಮಿತಿಗೆ ಹಾಕಬೇಕು, ಅವರ ಟಿಪ್ಪಣಿಯನ್ನು ಕಡತದಲ್ಲಿ ಇಡಬೇಕು. ಚಂದಾ ಒಪ್ಪಂದದ ಅವಧಿ 2027ಕ್ಕೆ ಮುಗಿಯುತ್ತದೆ. ಪ್ರಕಾಶಕರೊಂದಿಗಿನ ಮುಂದಿನ ಚೌಕಾಸಿಯಲ್ಲಿ ಖಾಸಗಿ ಕಾಲೇಜುಗಳ ವಿದ್ಯಾರ್ಥಿಗಳನ್ನು ಸೇರಿಸುತ್ತಾರೋ ಇಲ್ಲವೋ ಎಂಬುದು ಆಗಲೇ ಇತ್ಯರ್ಥವಾಗಬೇಕು.