ಪ್ರಿಂಟ್ ಯಾಕೆ ಬೂದಿ ಬೂದಿಯಾಗಿ ಬರುತ್ತೆ?

ಪ್ರಶ್ನೆ: ಸಾರ್, ನಾನು ಬಂಗಾರಪೇಟೆಯವನು. ಬಚ್ಚಲುಮನೆಯನ್ನೇ ಡಾರ್ಕ್‌ರೂಮ್ ಮಾಡಿಕೊಂಡು ಮೂರು ತಿಂಗಳಾಯಿತು. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಬೀಳುತ್ತದಲ್ಲ, ಅಲ್ಲಿ ತಾತನನ್ನು ನಿಲ್ಲಿಸಿ ತೆಗೆದ ನೆಗೆಟಿವ್ ಒಂದಿದೆ. ಎಷ್ಟು ಸಲ ಪ್ರಿಂಟ್ ಮಾಡಿದರೂ ಬೂದಿ ಬಳಿದ ಹಾಗೆ ಬರುತ್ತದೆ. ಸ್ಪ್ಲಿಟ್ ಗ್ರೇಡ್ ಕಲಿಯಬೇಕಾ, ಫೈಬರ್ ಪೇಪರ್ ತರಬೇಕಾ, ಟೋನಿಂಗ್ ಮಾಡಬೇಕಾ? ಯಾವ ಟೆಕ್ನಿಕ್ ಹಿಡಿದರೆ ಒಳ್ಳೆ ಪ್ರಿಂಟ್ ಬರುತ್ತೆ?

ಉತ್ತರ: ಸದ್ಯಕ್ಕೆ ಮೂರೂ ಬೇಡ. ನೀವು ಕಳಿಸಿದ ನೆಗೆಟಿವ್ ಚಿತ್ರ ನೋಡಿದೆ. ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದಿದ್ದರೂ ತಾತನ ಪಂಚೆಯ ಮಡಿಕೆ ಕಾಣುತ್ತದೆ, ಹಿಂದಿನ ಕಲ್ಲಿನ ಗೋಡೆಯಲ್ಲೂ ವಿವರ ಇದೆ. ಅಂದರೆ ನೆಗೆಟಿವ್ ಚೆನ್ನಾಗಿದೆ. ತಪ್ಪು ಆಗ್ತಿರೋದು ಬಚ್ಚಲಲ್ಲಿ.

ಹೊಸ ಟೆಕ್ನಿಕ್ ಹುಡುಕುವ ಮೊದಲು ನಿಮ್ಮ ಪೇಪರ್ ಎಷ್ಟು ಕಪ್ಪಾಗಬಲ್ಲದು, ಎಷ್ಟು ಬೆಳ್ಳಗಿರಬಲ್ಲದು ಅಂತ ಕಣ್ಣಾರೆ ನೋಡಿಕೊಳ್ಳಿ. ಒಂದು ಹಾಳೆಯಿಂದ ಎರಡು ಬೆರಳಗಲದ ಮೂರು ತುಂಡು ಕತ್ತರಿಸಿ. ಒಂದನ್ನು ಪ್ಯಾಕೆಟ್ಟಿನಿಂದ ತೆಗೆದವರೇ ಕತ್ತಲಲ್ಲಿ ನೇರ ಹೈಪೋಗೆ (ಚಿತ್ರ ಖಾಯಂ ಮಾಡುವ ಫಿಕ್ಸರ್ ದ್ರಾವಣ) ಹಾಕಿ. ಅದು ನಿಮ್ಮ ಪೇಪರಿನ ನಿಜವಾದ ಬಿಳಿ. ಇನ್ನೊಂದರ ಮೇಲೆ ನಾಣ್ಯ ಇಟ್ಟು ಕೆಂಪು ದೀಪದ ಕೆಳಗೆ ಐದು ನಿಮಿಷ ಬಿಟ್ಟು, ಆಮೇಲೆ ಪೂರ್ತಿ ಡೆವಲಪ್ ಮಾಡಿ. ಮೂರನೆಯದಕ್ಕೆ ಮಾಮೂಲಿ ಟ್ಯೂಬ್‌ಲೈಟ್ ಬೆಳಕು ತೋರಿಸಿ ಪೂರ್ತಿ ಡೆವಲಪ್ ಮಾಡಿ. ಇದಕ್ಕಿಂತ ಕಪ್ಪು ಆ ಪೇಪರಿನಿಂದ ಯಾವ ಟೆಕ್ನಿಕ್ಕಿನಲ್ಲೂ ಬರುವುದಿಲ್ಲ. ಪ್ಯಾಕೆಟ್ ಮುಚ್ಚಿಟ್ಟ ಮೇಲೆ ಟ್ಯೂಬ್‌ಲೈಟ್ ಹಾಕಬೇಕು, ಮರೀಬೇಡಿ. ನಾನು ಮರೆತು ಅರ್ಧ ಪ್ಯಾಕೆಟ್ ಕಳೆದುಕೊಂಡಿದ್ದೇನೆ.

ನಾಣ್ಯದ ತುಂಡಿನಲ್ಲಿ ದುಂಡನೆ ಗುರುತು ಕಂಡರೆ ನಿಮ್ಮ ಕೆಂಪು ದೀಪ, ಅಂದರೆ ಸೇಫ್‌ಲೈಟ್ ಸೇಫ್ ಅಲ್ಲ. ಕೆಂಪು ಬಣ್ಣ ಬಳಿದ ಜೀರೋ ಬಲ್ಬುಗಳಲ್ಲಿ ಇದು ಜಾಸ್ತಿ. ಬಣ್ಣದ ಸಂದಿಯಿಂದ ಬಿಳಿ ಬೆಳಕು ಸೋರುತ್ತದೆ. ಗುರುತು ಇಲ್ಲ, ಆದರೆ ತುಂಡು ಪೂರ್ತಿ ಮಾಸಲಾಗಿದೆ ಅಂದರೆ ಪೇಪರ್ ಹಳೆಯದಾಗಿ ಹೊಗೆ ಹಿಡಿದಿದೆ, ಇಲ್ಲವೇ ಪ್ಯಾಕೆಟ್ಟಿಗೆ ಬೆಳಕು ನುಗ್ಗಿದೆ. ಹಳೇ ಸ್ಟುಡಿಯೊಗಳಿಂದ ಸಸ್ತಾ ಸಿಗುವ ಪೇಪರಿನ ಕತೆ ಹೆಚ್ಚಾಗಿ ಇದೇ. ಆ ಪೇಪರ್ ಇಟ್ಟುಕೊಂಡು ಸ್ಪ್ಲಿಟ್ ಗ್ರೇಡ್ ಮಾಡಿದರೂ ತಾತನ ಪಂಚೆ ಬೆಳ್ಳಗಾಗುವುದಿಲ್ಲ.

ಇದೆಲ್ಲ ಸರಿಯಿದ್ದರೆ ನನ್ನ ಅನುಮಾನ ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ಟ್ರೇ ಮೇಲೆ. ಕೆಂಪು ಬೆಳಕಿನಲ್ಲಿ ಪ್ರಿಂಟ್ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಇಪ್ಪತ್ತೈದನೇ ಸೆಕೆಂಡಿಗೆ ಚಿತ್ರ ಮೂಡುತ್ತದೆ, ಮೂವತ್ತಕ್ಕೆ "ಅಯ್ಯೋ, ಕಪ್ಪಾಯ್ತು" ಅಂತ ಎಳೆದುಬಿಡುತ್ತೀರಿ. ಹಿಟ್ಟು ಬೇಯುವ ಮೊದಲೇ ಮುದ್ದೆ ಕಟ್ಟಿದ ಹಾಗೆ ಆಯಿತು ಅದು. ಕಪ್ಪು ಕಪ್ಪಾಗುವುದೇ ಕೊನೆಯ ಅರ್ಧದಲ್ಲಿ. ಮಾಮೂಲಿ ಆರ್‌ಸಿ (ಪ್ಲಾಸ್ಟಿಕ್ ಪದರದ) ಪೇಪರಿಗೆ 20 ಡಿಗ್ರಿಯಲ್ಲಿ ಪೂರ್ತಿ ಒಂದು ನಿಮಿಷ, ಫೈಬರ್ (ಪ್ಲಾಸ್ಟಿಕ್ ಇಲ್ಲದ) ಪೇಪರಿಗೆ ಎರಡರಿಂದ ಮೂರು ನಿಮಿಷ ಕೊಡಿ. ಟ್ರೇ ಅಲ್ಲಾಡಿಸುತ್ತಾ ಗಡಿಯಾರ ನೋಡಿ, ಪ್ರಿಂಟ್ ನೋಡಬೇಡಿ. ಕಪ್ಪಾದರೆ ಮುಂದಿನ ಹಾಳೆಗೆ ಬೆಳಕು ಕಡಿಮೆ ಕೊಟ್ಟರಾಯಿತು. ನಮ್ಮ ಕೋಲಾರದಲ್ಲಿ ಡಿಸೆಂಬರ್ ಬೆಳಿಗ್ಗೆ ಟ್ಯಾಂಕಿನ ನೀರು ಕೈಗೆ ಚುರುಗುಟ್ಟುತ್ತದಲ್ಲ, ಆ ಚಳಿಯಲ್ಲಿ ಡೆವಲಪರಿನೊಳಗಿನ ಹೈಡ್ರೋಕ್ವಿನೋನ್ ಮಂಕಾಗುತ್ತದೆ. ಬಿಸಿನೀರಿನ ಬೇಸಿನ್ನಿನಲ್ಲಿ ಟ್ರೇ ಕೂರಿಸಿ.

ಈಗ ಗ್ರೇಡಿನ ಮಾತು, ಅಂದರೆ ಕಾಂಟ್ರಾಸ್ಟ್ (ಕಪ್ಪು ಬಿಳಿಯ ನಡುವಿನ ಅಂತರ) ಎಷ್ಟಿರಬೇಕು ಅನ್ನೋದು. ಇಲ್ಫೋರ್ಡ್ 1940ರಲ್ಲಿ ಮಲ್ಟಿಗ್ರೇಡ್ ಪೇಪರ್ ತಂದಿತು. ಅದಕ್ಕೂ ಮೊದಲು ಮೆತ್ತಗಿನ (ಕಡಿಮೆ ಕಾಂಟ್ರಾಸ್ಟಿನ) ಪೇಪರಿಗೆ ಒಂದು ಪ್ಯಾಕೆಟ್, ಗಡುಸು (ಜಾಸ್ತಿ ಕಾಂಟ್ರಾಸ್ಟಿನ) ಪೇಪರಿಗೆ ಇನ್ನೊಂದು ಅಂತ ಇಡಬೇಕಿತ್ತು. ಮಲ್ಟಿಗ್ರೇಡಿನಲ್ಲಿ ಹಸಿರು ಬೆಳಕು ಕಾಂಟ್ರಾಸ್ಟ್ ಇಳಿಸುತ್ತದೆ, ನೀಲಿ ಬೆಳಕು ಏರಿಸುತ್ತದೆ. ಅದಕ್ಕೇ ಬೆಳಕಿಗೆ ಅಡ್ಡ ಹಾಕುವ ಕಡಿಮೆ ನಂಬರಿನ ಫಿಲ್ಟರ್ ಹಳದಿ, ಜಾಸ್ತಿ ನಂಬರಿನದು ಗುಲಾಬಿ. 00ರಿಂದ 5ರವರೆಗೆ ಹನ್ನೆರಡು ಫಿಲ್ಟರ್ ಇವೆ.

ಬೆಳಕು ಕೊಡುವ ಸಮಯವನ್ನು ಪಂಚೆ ನೋಡಿ ತೀರ್ಮಾನಿಸಿ, ಗ್ರೇಡನ್ನು ಗೋಡೆ ನೋಡಿ ತೀರ್ಮಾನಿಸಿ. ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಗ್ರೇಡ್ 2 ಹಾಕಿ ಟೆಸ್ಟ್ ಸ್ಟ್ರಿಪ್ ಮಾಡಿ, ಅಂದರೆ ಪೇಪರಿನ ಒಂದೇ ಪಟ್ಟಿಯ ಐದು ಭಾಗಕ್ಕೆ ಬೇರೆ ಬೇರೆ ಹೊತ್ತು ಬೆಳಕು ಕೊಡಿ. ಪಟ್ಟಿಯನ್ನು ಪಂಚೆಯ ಮೇಲೆ ಉದ್ದುದ್ದ ಇಡಿ, ಐದು ಕಡೆಯೂ ಪಂಚೆಯೇ ಬೀಳಬೇಕು. 5, 10, 15 ಅಂತ ಎಣಿಸಬೇಡಿ. 5ರಿಂದ 10ಕ್ಕೆ ಬೆಳಕು ಎರಡರಷ್ಟಾಗುತ್ತದೆ, 20ರಿಂದ 25ಕ್ಕೆ ಕಾಲು ಭಾಗ ಮಾತ್ರ ಏರುತ್ತದೆ, ಕೊನೆಯ ಪಟ್ಟೆಗಳೆಲ್ಲ ಒಂದೇ ತರ ಕಾಣುತ್ತವೆ. ಮೊದಲು ಪೂರ್ತಿ ಪಟ್ಟಿಗೆ 8 ಸೆಕೆಂಡ್ ಕೊಡಿ. ಆಮೇಲೆ ರಟ್ಟು ಸರಿಸುತ್ತಾ 3, 5, 6, 10 ಸೆಕೆಂಡ್ ಸೇರಿಸಿ. ಆಗ 8, 11, 16, 22, 32 ಆಯಿತು, ಕ್ಯಾಮೆರಾ ಅಪರ್ಚರಿನ ಲೆಕ್ಕ. ಪಟ್ಟೆಯಿಂದ ಪಟ್ಟೆಗೆ ಒಂದೇ ಅಳತೆಯಲ್ಲಿ ಕಪ್ಪೇರುತ್ತದೆ.

ಪೂರ್ತಿ ಡೆವಲಪ್ ಮಾಡಿ, ಬಿಳಿ ದೀಪದಲ್ಲಿ ನೋಡಿ. ಪಂಚೆ ಬೆಳ್ಳಗಿದ್ದೂ ಮಡಿಕೆ ಆಗಷ್ಟೇ ಕಾಣತೊಡಗಿದ ಪಟ್ಟೆ ಯಾವುದೋ ಅದೇ ನಿಮ್ಮ ಸಮಯ. ಅದೇ ಸಮಯಕ್ಕೆ ಪೂರ್ತಿ ಹಾಳೆ ಮಾಡಿ, ಬಸವನ ಹಿಂದಿನ ಕತ್ತಲೆಯ ಪಕ್ಕ ಮೊದಲು ಮಾಡಿಟ್ಟ ಕಪ್ಪು ತುಂಡು ಹಿಡಿಯಿರಿ. ಗೋಡೆಯ ಸಂದಿಯ ಕಪ್ಪು ಅದರ ಹತ್ತಿರಕ್ಕೂ ಬಂದಿಲ್ಲವಾ? ಗ್ರೇಡ್ ಏರಿಸಿ. ಗೋಡೆಯೆಲ್ಲ ಮಸಿಯಾಗಿ ಕಲ್ಲೇ ಕಾಣುತ್ತಿಲ್ಲವಾ? ಇಳಿಸಿ. ಗ್ರೇಡ್ ಬದಲಿಸಿದಾಗ ಪಂಚೆಗೆ ಒಂದು ಸಣ್ಣ ಪಟ್ಟಿ ಮತ್ತೆ ಮಾಡಿ. ಇಲ್ಫೋರ್ಡ್ ಫಿಲ್ಟರಿನಲ್ಲಿ ಮೂರೂವರೆವರೆಗೆ ಸಮಯ ಹೆಚ್ಚುಕಡಿಮೆ ಅದೇ ಇರುತ್ತದೆ, 4 ಮತ್ತು ಮೇಲಕ್ಕೆ ಎರಡರಷ್ಟು ಬೇಕು. ನಿಮ್ಮದು 3ರ ಸುತ್ತ ನಿಲ್ಲಬಹುದು ಅನ್ನಿಸುತ್ತದೆ.

ಒಂದು ನಮ್ಮೂರಿನ ತೊಂದರೆ. ಒಮ್ಮೆ ರಾತ್ರಿಯೆಲ್ಲ ಕೂತು ಲೆಕ್ಕ ಹಿಡಿದಿದ್ದೆ, 14 ಸೆಕೆಂಡ್, ಗ್ರೇಡ್ ಎರಡೂವರೆ. ಬೆಳಿಗ್ಗೆ ಅದೇ ಲೆಕ್ಕದಲ್ಲಿ ಮಾಡಿದರೆ ಪ್ರಿಂಟ್ ಕಾಡಿಗೆ. ಪೇಪರ್ ಬೈದೆ, ಡೆವಲಪರ್ ಬೈದೆ. ಕೊನೆಗೆ ಗೊತ್ತಾಗಿದ್ದು, ರಾತ್ರಿ ವೋಲ್ಟೇಜ್ ಬಿದ್ದಿತ್ತು. ಎನ್‌ಲಾರ್ಜರಿನ (ನೆಗೆಟಿವ್ ದೊಡ್ಡದು ಮಾಡಿ ಪೇಪರಿನ ಮೇಲೆ ಬೀಳಿಸುವ ಯಂತ್ರದ) ಹಳೇ ಕಾಲದ ಬಲ್ಬಿಗೆ ವೋಲ್ಟೇಜ್ ಶೇಕಡ 10 ಇಳಿದರೆ ಬೆಳಕು ಸುಮಾರು ಶೇಕಡ 30 ಇಳಿಯುತ್ತದೆ. ಜೊತೆಗೆ ಬೆಳಕು ಹಳದಿಗೆ ತಿರುಗುತ್ತದೆ. ಹಳದಿ ಅಂದರೆ ಮಲ್ಟಿಗ್ರೇಡಿನಲ್ಲಿ ಕಾಂಟ್ರಾಸ್ಟ್ ಕಡಿಮೆ, ನೀವು ಫಿಲ್ಟರ್ ಮುಟ್ಟದೇ ಇದ್ದರೂ! ಫ್ರಿಜ್ಜಿಗೆ ಹಾಕುವ ಸ್ಟೆಬಿಲೈಸರ್ ಇದ್ದರೆ ಎನ್‌ಲಾರ್ಜರಿಗೆ ಹಾಕಿ. ಇಲ್ಲದಿದ್ದರೆ ಪಂಪ್‌ಸೆಟ್ಟುಗಳು ಓಡುವ ಹೊತ್ತು ಬಿಟ್ಟು ಪ್ರಿಂಟ್ ಮಾಡಿ.

ಇಷ್ಟಾದ ಮೇಲೂ ತಾತನ ಮುಖ ನೆರಳಲ್ಲಿ ಮುಳುಗಿರಬಹುದು, ಮೇಲಿನ ಆಕಾಶ ಖಾಲಿ ಕಾಗದದ ಹಾಗೆ ಕಾಣಬಹುದು. ಟೆಕ್ನಿಕ್ ಬೇಕಾಗುವುದು ಇಲ್ಲಿ. ತೆಂಗಿನ ಪೊರಕೆ ಕಡ್ಡಿಯ ತುದಿಗೆ ಹುಣಸೆಬೀಜದಷ್ಟು ರಟ್ಟು ಅಂಟಿಸಿ, ಎಕ್ಸ್‌ಪೋಷರ್ ನಡೆಯುವಾಗ ಮುಖದ ಮೇಲೆ ಎರಡು ಮೂರು ಸೆಕೆಂಡ್ ಆಡಿಸಿ. ಕೈ ನಿಲ್ಲಬಾರದು, ನಿಂತರೆ ಮುಖದ ಸುತ್ತ ದೇವರ ಪ್ರಭಾವಳಿ ಬರುತ್ತದೆ. ಇದು ಡಾಡ್ಜಿಂಗ್. ಆಕಾಶಕ್ಕೆ ಉಲ್ಟಾ ಕೆಲಸ, ಬರ್ನಿಂಗ್. ಹಳೇ ಲಗ್ನಪತ್ರಿಕೆಯ ಗಟ್ಟಿ ಕಾಗದ ಸಾಕು, ಕೆಳಗಿನ ಮಗ್ಗುಲಿಗೆ ಕಪ್ಪು ಬಳಿಯಿರಿ. ಬೆಟ್ಟದ ಅಂಚಿನವರೆಗೂ ಮುಚ್ಚಿ ಆಕಾಶಕ್ಕೆ ಮಾತ್ರ ಇನ್ನೊಂದಿಷ್ಟು ಬೆಳಕು ಕೊಡಿ. ಆ ಹೊತ್ತಿಗೆ ಫಿಲ್ಟರ್ ಬದಲಿಸಿ 0 ಅಥವಾ 00 ಹಾಕಿ. ಮೆತ್ತಗಿನ ಗ್ರೇಡಿನಲ್ಲಿ ಆಕಾಶಕ್ಕೆ ಬೇಗ ಬಣ್ಣ ಬರುತ್ತದೆ, ಅಂಚಿನ ಬಂಡೆಗಳು ಅಷ್ಟಾಗಿ ಕಪ್ಪಾಗುವುದಿಲ್ಲ.

ನೋಡಿ, ಅರ್ಧ ಸ್ಪ್ಲಿಟ್ ಗ್ರೇಡ್ ಇಲ್ಲೇ ಆಗಿಹೋಯಿತು. ಪೂರ್ತಿ ಸ್ಪ್ಲಿಟ್ ಗ್ರೇಡ್ ಅಂದರೆ 00ರಲ್ಲಿ ಒಂದು ಎಕ್ಸ್‌ಪೋಷರ್ ಬಿಳಿಗೆ, 5ರಲ್ಲಿ ಒಂದು ಕಪ್ಪಿಗೆ. ಇದನ್ನು ಮಂತ್ರದ ಹಾಗೆ ಹೇಳುವವರಿದ್ದಾರೆ. ಎರಡನ್ನೂ ಇಡೀ ಹಾಳೆಗೆ ಸುಮ್ನೆ ಕೊಟ್ಟರೆ ಬರುವುದು ನಡುವಿನ ಯಾವುದೋ ಒಂದು ಗ್ರೇಡಿನ ಪ್ರಿಂಟೇ. ಮುಖಕ್ಕೊಂದು ಗ್ರೇಡ್, ಆಕಾಶಕ್ಕೊಂದು ಗ್ರೇಡ್ ಅಂತ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಕೊಡುವಾಗ ಮಾತ್ರ ಅದರಿಂದ ಲಾಭ.

ಫೈಬರ್ ಪೇಪರ್ ನೋಡಲು ಚೆಂದ, ನನಗೂ ಇಷ್ಟ. ಆದರೆ ಬೂದಿ ಪ್ರಿಂಟ್ ಫೈಬರಿನಲ್ಲೂ ಬೂದಿಯೇ. ನಮ್ಮ ಕಡೆ ನೀರಿನ ಲೆಕ್ಕವೂ ಇದೆ ಅಲ್ವಾ? ಆರ್‌ಸಿ ಪೇಪರಿನ ಎರಡೂ ಕಡೆ ಪ್ಲಾಸ್ಟಿಕ್ ಪದರ ಇರುವುದರಿಂದ ಎರಡು ನಿಮಿಷ ಹರಿಯುವ ನೀರು ಸಾಕು. ಫೈಬರ್ ಹೈಪೋವನ್ನು ಹೀರಿಕೊಳ್ಳುತ್ತದೆ, ಸುಮ್ನೆ ತೊಳೆದರೆ ಒಂದು ಗಂಟೆ ನೀರು ಬಿಡಬೇಕು. ಅದಕ್ಕೂ ದಾರಿ ಇದೆ: ರ‍್ಯಾಪಿಡ್ ಫಿಕ್ಸರನ್ನು ಗಟ್ಟಿಯಾಗಿ, 1ಕ್ಕೆ 4 ನೀರು ಬೆರೆಸಿ ಒಂದೇ ನಿಮಿಷ, ಐದು ನಿಮಿಷ ನೀರು, ಹತ್ತು ನಿಮಿಷ ವಾಶ್ ಏಡ್ (ಹೈಪೋ ಬೇಗ ಬಿಡಿಸುವ ದ್ರಾವಣ), ಮತ್ತೆ ಐದು ನಿಮಿಷ ನೀರು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಒಣಗಿದ ಮೇಲೆ ಸುಣ್ಣದ ಚುಕ್ಕೆ ಉಳಿಯುತ್ತವೆ. ಕೊನೆಯ ಅದ್ದು ಕ್ಯಾನ್ ನೀರಿನಲ್ಲಿರಲಿ. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ, ಅದನ್ನು ಗಿಡಕ್ಕೂ ಬೋರ್‌ವೆಲ್ ಪಕ್ಕಕ್ಕೂ ಸುರಿಯಬೇಡಿ.

ಇನ್ನು ಟೋನಿಂಗ್, ಅಂದರೆ ಆದ ಪ್ರಿಂಟನ್ನು ಇನ್ನೊಂದು ರಾಸಾಯನಿಕದಲ್ಲಿ ಅದ್ದುವುದು. ಸೆಲೆನಿಯಂ ಟೋನಿಂಗ್ ಕಪ್ಪನ್ನು ಇನ್ನಷ್ಟು ಆಳ ಮಾಡುತ್ತದೆ, ನಿಜ. ಆದರೆ ಅದು ವಿಷ, ಗಾಳಿಯಾಡದ ಬಚ್ಚಲಲ್ಲಿ ಬೇಡವೇ ಬೇಡ.

ಮುಂದೆ ಫೈಬರ್ ಪೇಪರ್ ತಂದಾಗ ಇನ್ನೊಂದು ನೆನಪಿರಲಿ. ಟ್ರೇಯಲ್ಲಿ ಹೊಳೆಯುವ ಪಂಚೆ ರಾತ್ರಿ ಒಣಗಿ ಬೆಳಿಗ್ಗೆ ನೋಡಿದರೆ ಒಂದು ಚೂರು ಮಂಕಾಗಿರುತ್ತದೆ. ಒದ್ದೆಯಲ್ಲಿ ಸರಿ ಕಂಡದ್ದು 12 ಸೆಕೆಂಡ್ ಆದರೆ 11ಕ್ಕೆ ಇನ್ನೊಂದು ಮಾಡಿ, ಎರಡನ್ನೂ ಒಣಗಿಸಿ, ಹಗಲು ಬೆಳಕಲ್ಲಿ ಜೋಡಿಸಿ ನೋಡಿ. ಸದ್ಯ ಆರ್‌ಸಿಯಲ್ಲಿ ಮಾಡಿದ್ದನ್ನೇ ನನಗೆ ಕಳಿಸಿ. ಫೋಟೊ ತೆಗೆಯುವಾಗ ಆ ಕಪ್ಪು ತುಂಡು, ಬಿಳಿ ತುಂಡು ಎರಡನ್ನೂ ತಾತನ ಪಕ್ಕದಲ್ಲಿ ಇಟ್ಟಿರಿ.